ಕೀಮೋಥೆರಪಿ: ಗುಣಕ್ಕೂ ದೋಷಕ್ಕೂ ಒಂದೇ ಬೇರು

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ರೋಗದ ಹೆಸರಿನಷ್ಟೇ ಹೆದರಿಸುವ ಇನ್ನೊಂದು ಹೆಸರು ಕೀಮೋ. ಕೂದಲೆಲ್ಲ ಉದುರುತ್ತದಂತೆ, ತಿಂದದ್ದು ಒಳಗೆ ನಿಲ್ಲುವುದಿಲ್ಲವಂತೆ, ರೋಗಕ್ಕಿಂತ ಮೊದಲು ಔಷಧಿಯೇ ಆಳನ್ನು ಮುಗಿಸುತ್ತದಂತೆ ಎಂಬ ಅಂತೆಕಂತೆಗಳು ವೈದ್ಯರು ಬಾಯಿ ತೆರೆಯುವ ಮೊದಲೇ ರೋಗಿಯ ಕಿವಿ ಸೇರಿರುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಎಷ್ಟೇ ಮುಂದುವರಿದ ಕಾಯಿಲೆಯಾದರೂ ಇನ್ನೊಂದು ಸುತ್ತು ಕೀಮೋ ಹಾಕಿಸಿದರೆ ವಾಸಿಯಾದೀತು ಎಂಬ ಕುರುಡು ಭರವಸೆಯೂ ನಮ್ಮಲ್ಲಿದೆ. ಇವೆರಡೂ ‘ಕೀಮೋ ಒಳ್ಳೆಯದೋ ಕೆಟ್ಟದ್ದೋ’ ಎಂಬ ಒಂದೇ ಪ್ರಶ್ನೆಗೆ ಸಿಕ್ಕ ಎರಡು ಉತ್ತರಗಳು. ಆ ಪ್ರಶ್ನೆಯೇ ಸರಿಯಿಲ್ಲ ಎಂಬುದು ಈ ಭಾಷಣದ ವಾದ. ಕೀಮೋಥೆರಪಿಯ ಗುಣ ಮತ್ತು ದೋಷ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಆ ಬೇರು ಯಾವುದೆಂದು ತಿಳಿದರೆ, ಯಾವ ಕ್ಯಾನ್ಸರಿಗೆ, ಯಾವ ಉದ್ದೇಶದಿಂದ, ಎಷ್ಟು ದಿನ ಎಂದು ಕೇಳುವುದು ತಾನಾಗಿ ಬರುತ್ತದೆ.

ಈ ಔಷಧಿಗಳ ಚರಿತ್ರೆಯೇ ವಾದಕ್ಕೆ ಮೊದಲ ಸಾಕ್ಷಿ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಜರ್ಮನ್ ಸೇನೆ ಬೆಲ್ಜಿಯಂನ ನೆಲದಲ್ಲಿ ಸಾಸಿವೆ ಅನಿಲವನ್ನು ಪ್ರಯೋಗಿಸಿತು. ಅದಕ್ಕೆ ಸಿಕ್ಕ ಸೈನಿಕರ ಚರ್ಮ, ಕಣ್ಣು, ಶ್ವಾಸಕೋಶಗಳು ಸುಟ್ಟುಹೋದವು. ಜೊತೆಗೆ ಅವರ ರಕ್ತದಲ್ಲಿ ಬಿಳಿ ಕಣಗಳು ತೀರ ಇಳಿದಿದ್ದನ್ನು ವೈದ್ಯರು ಗಮನಿಸಿದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಈ ಅಂಶವನ್ನೇ ಹಿಡಿದು ಹೊರಟರು. ಬಿಳಿ ಕಣಗಳನ್ನು ಇಳಿಸುವ ವಸ್ತು, ಅದೇ ಕುಲದ ಕಣಗಳು ಮಿತಿಮೀರಿ ಬೆಳೆಯುವ ಲಿಂಫೋಮಾ ಗಡ್ಡೆಯನ್ನೂ ಇಳಿಸಬಹುದಲ್ಲವೇ? ಸಾಸಿವೆ ಅನಿಲದ ಹತ್ತಿರದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಒಬ್ಬ ರೋಗಿಗೆ ಕೊಟ್ಟಾಗ, ವಿಕಿರಣಕ್ಕೂ ಬಗ್ಗದಿದ್ದ ಗಡ್ಡೆಗಳು ಕೆಲವೇ ದಿನಗಳಲ್ಲಿ ಕರಗಿದವು. ಆದರೆ ಕೆಲವು ವಾರಗಳಲ್ಲಿ ಮರಳಿ ಬೆಳೆದವು. ಯುದ್ಧಕಾಲದ ಗೋಪ್ಯತೆಯಿಂದಾಗಿ ಈ ಸುದ್ದಿ ಪ್ರಕಟವಾದದ್ದು 1946ರಲ್ಲಿ. ನಮ್ಮ ಅಂಗಳದ ನಿತ್ಯಪುಷ್ಪದ ಕಥೆಯೂ ಹೀಗೆಯೇ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಹೆಸರಿದ್ದ ಆ ಗಿಡದ ರಸವನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅದರಿಂದ ಬಂದದ್ದು ವಿನ್‌ಬ್ಲಾಸ್ಟಿನ್. ಬೆನ್ನಿಗೇ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ಅಂದರೆ ಇಂದು ನಾವು ಅಡ್ಡ ಪರಿಣಾಮ ಎನ್ನುವುದೇ ಅಂದು ಈ ಔಷಧಿಗಳ ಗುರುತು ಹಿಡಿಸಿತು.

ಹೀಗಾಗಲು ಕಾರಣ ಜೀವಕೋಶದ ವಿಭಜನೆಯಲ್ಲಿದೆ. ಒಂದು ಜೀವಕೋಶ ಎರಡಾಗಬೇಕಾದರೆ ಅದು ಮೊದಲು ತನ್ನೊಳಗಿನ ಡಿಎನ್‌ಎಯ ಇನ್ನೊಂದು ಪ್ರತಿ ತಯಾರಿಸಬೇಕು, ಆಮೇಲೆ ಎರಡೂ ಪ್ರತಿಗಳನ್ನು ಬೇರ್ಪಡಿಸಿ ಎರಡು ಬದಿಗೆ ಎಳೆಯಬೇಕು. ಕೀಮೋ ಔಷಧಿಗಳು ಈ ಕೆಲಸದ ಬೇರೆ ಬೇರೆ ಹಂತಗಳಲ್ಲಿ ಕೈ ಹಾಕುತ್ತವೆ. ಸೈಕ್ಲೋಫಾಸ್ಫಮೈಡ್, ಸಿಸ್‌ಪ್ಲಾಟಿನ್ ಮುಂತಾದವು ಡಿಎನ್‌ಎಯ ಎಳೆಗಳಿಗೆ ಅಂಟಿಕೊಂಡು ಅವನ್ನು ಒಂದಕ್ಕೊಂದು ಬಿಗಿದುಬಿಡುತ್ತವೆ, ಪ್ರತಿ ತೆಗೆಯಲು ಎಳೆ ಬಿಚ್ಚುವುದೇ ಇಲ್ಲ. ಮೆಥೊಟ್ರೆಕ್ಸೇಟ್, ಫ್ಲೂರೋಯುರಾಸಿಲ್ ಮುಂತಾದವು ಡಿಎನ್‌ಎ ಕಟ್ಟಲು ಬೇಕಾದ ಸಾಮಗ್ರಿಯ ವೇಷದಲ್ಲಿ ಒಳಹೊಕ್ಕು ತಯಾರಿಕೆಯನ್ನು ನಿಲ್ಲಿಸುತ್ತವೆ. ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್, ಪ್ರತಿಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮ ನಾಳಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ; ಅಮೆರಿಕದ ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್, ಕಟ್ಟಿಕೊಂಡ ನಾಳಗಳು ಬಿಚ್ಚಿಕೊಳ್ಳದಂತೆ ಮಾಡುತ್ತದೆ. ಕೆಲಸ ಕೆಡಲು ಎರಡೂ ಸಾಕು. ಇನ್ನೊಂದು ಗುಂಪು, ಡಿಎನ್‌ಎಯ ಸುರುಳಿಯ ಬಿಗಿಯನ್ನು ಸಡಿಲಿಸುವ ಕಿಣ್ವವನ್ನು ನಡುದಾರಿಯಲ್ಲಿ ತಡೆಯುತ್ತದೆ. ಈ ಗುಂಪಿನ ಟೋಪೊಟೆಕಾನ್, ಇರಿನೊಟೆಕಾನ್ ಔಷಧಿಗಳ ಮೂಲವಸ್ತು ಕ್ಯಾಂಪ್ಟೊಥೆಸಿನ್. ಇದನ್ನು 1966ರಲ್ಲಿ ಚೀನಾದ ಒಂದು ಮರದಿಂದ ಬೇರ್ಪಡಿಸಿದವರಲ್ಲಿ ಭಾರತ ಮೂಲದ ಮನ್ಸುಖ್ ವಾಣಿ ಒಬ್ಬರು. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿಯೂ ಅದೇ ವಸ್ತು ಹೇರಳವಾಗಿದೆ. ಆ ಕಾರಣಕ್ಕೇ ಕಡಿದು ಕಡಿದು ಮರ ಅಪಾಯಕ್ಕೆ ಸಿಕ್ಕಿದೆ.

ದಾರಿಗಳು ಎಷ್ಟೇ ಇದ್ದರೂ ಇವೆಲ್ಲವೂ ಹೊಡೆಯುವುದು ವಿಭಜನೆಯಲ್ಲಿ ತೊಡಗಿದ ಕೋಶವನ್ನು. ಅದು ಕ್ಯಾನ್ಸರಿನದೋ ಆರೋಗ್ಯವಂತ ಅಂಗದ್ದೋ ಎಂದು ಇವಕ್ಕೆ ಗೊತ್ತಾಗುವುದಿಲ್ಲ. ಹಾಗಾದರೆ ರೋಗಿ ಉಳಿಯುವುದು ಹೇಗೆ? ಚೇತರಿಕೆಯ ವೇಗದಲ್ಲಿರುವ ವ್ಯತ್ಯಾಸದಿಂದ. ರಾಗಿ ಹೊಲದಲ್ಲಿ ಪೈರು ಎಳೆಯದಾಗಿರುವಾಗಲೇ ಕುಂಟೆ ಹಾಯಿಸುತ್ತಾರೆ. ಕಳೆಯ ಜೊತೆಗೆ ಪೈರೂ ಒಂದಿಷ್ಟು ನಲುಗುತ್ತದೆ, ಆದರೆ ಪೈರು ಸುಧಾರಿಸಿಕೊಂಡು ತೆಂಡೆ ಒಡೆಯುತ್ತದೆ. ಅಸ್ಥಿಮಜ್ಜೆಯೂ ಹಾಗೆಯೇ. ಔಷಧಿ ಹಾಕಿದ ಒಂದೆರಡು ವಾರಗಳಲ್ಲಿ ಬಿಳಿ ಕಣಗಳು ಅತ್ಯಂತ ಕೆಳಗಿಳಿದು, ಸಾಮಾನ್ಯವಾಗಿ ಮೂರನೆಯ ವಾರದ ಹೊತ್ತಿಗೆ ಮೇಲೇರುತ್ತವೆ. ಕ್ಯಾನ್ಸರ್ ಗಡ್ಡೆ ಅಷ್ಟು ಬೇಗ, ಅಷ್ಟು ಪೂರ್ತಿಯಾಗಿ ಸುಧಾರಿಸಿಕೊಳ್ಳಲಾರದು. ಅನೇಕ ಕೀಮೋ ಕ್ರಮಗಳಲ್ಲಿ ಒಂದು ಸೈಕಲ್ಲಿಗೂ ಮುಂದಿನದಕ್ಕೂ ಮೂರು ವಾರಗಳ ಅಂತರವಿಟ್ಟದ್ದು ಈ ಲೆಕ್ಕದಿಂದ. ‘ಕೌಂಟ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂದು ಆಸ್ಪತ್ರೆಯಲ್ಲಿ ಹಿಂದಕ್ಕೆ ಕಳಿಸಿದರೆ ಅದು ಅಲಕ್ಷ್ಯವಾಗಲಾರದು, ಮಜ್ಜೆಗೆ ಇನ್ನಷ್ಟು ಕಾಲ ಬೇಕೆಂದು ಅದರ ಅರ್ಥ.

ಗಡ್ಡೆ ಕರಗಿದ ಮೇಲೂ ಚಿಕಿತ್ಸೆ ಏಕೆ ಮುಂದುವರಿಯಬೇಕು ಎಂಬುದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಹೊವಾರ್ಡ್ ಸ್ಕಿಪ್ಪರ್. ಇಲಿಗಳ ರಕ್ತದ ಕ್ಯಾನ್ಸರಿನ ಮೇಲೆ ಪ್ರಯೋಗ ನಡೆಸಿ ಅವರು 1960ರ ದಶಕದಲ್ಲಿ ಎರಡು ಸಂಗತಿ ತೋರಿಸಿದರು. ಒಂದೇ ಒಂದು ಕ್ಯಾನ್ಸರ್ ಕೋಶ ಉಳಿದರೂ ಇಲಿ ಸಾಯಬಲ್ಲದು. ಒಂದು ಪ್ರಮಾಣದ ಔಷಧಿ ಪ್ರತಿ ಸಲವೂ ಇದ್ದ ಕೋಶಗಳಲ್ಲಿ ನೂರಕ್ಕೆ ಇಂತಿಷ್ಟು ಎಂಬ ಪಾಲನ್ನು ಕೊಲ್ಲುತ್ತದೆಯೇ ಹೊರತು ಎಲ್ಲವನ್ನೂ ಒಮ್ಮೆಗೇ ಕೊಲ್ಲುವುದಿಲ್ಲ. ಒಂದು ಸೆಂಟಿಮೀಟರ್ ಗಾತ್ರದ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ. ನೂರಕ್ಕೆ ತೊಂಬತ್ತೊಂಬತ್ತನ್ನು ಕೊಂದರೂ ಒಂದು ಕೋಟಿ ಉಳಿಯುತ್ತದೆ, ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಹೀಗಿರುವಾಗ ಆರಾಮವಾಯಿತೆಂದು ನಡುವೆ ಬಿಡುವುದು ಎಷ್ಟು ಅಪಾಯವೆಂದು ವಿವರಿಸಬೇಕಾಗಿಲ್ಲ. ಉಳಿದ ಕೋಶಗಳಲ್ಲಿ ಕೆಲವು ಆ ಔಷಧಿಗೆ ಬಗ್ಗದವಾಗಿರಬಹುದು. ಆದ್ದರಿಂದ ಬೇರೆ ಬೇರೆ ದಾರಿಯಲ್ಲಿ ಹೊಡೆಯುವ, ಆದಷ್ಟು ಬೇರೆ ಬೇರೆ ಅಂಗಕ್ಕೆ ತೊಂದರೆ ಕೊಡುವ ಮೂರು ನಾಲ್ಕು ಔಷಧಿಗಳನ್ನು ಕೂಡಿಸಿ ಕೊಡುವ ಪದ್ಧತಿ ಬಂತು. ಪ್ರಮಾಣ ಹೆಚ್ಚಿಸಿದಷ್ಟೂ ಲಾಭ ಎಂದೇನೂ ಇಲ್ಲ. ಸ್ತನ ಕ್ಯಾನ್ಸರಿಗೆ ಅತಿ ಹೆಚ್ಚಿನ ಪ್ರಮಾಣದ ಕೀಮೋ ಕೊಟ್ಟು, ಹಾಳಾದ ಮಜ್ಜೆಯನ್ನು ಮೊದಲೇ ತೆಗೆದಿಟ್ಟ ರೋಗಿಯ ಸ್ವಂತ ಕೋಶಗಳಿಂದ ತುಂಬುವ ಪ್ರಯತ್ನ 1990ರ ದಶಕದಲ್ಲಿ ಬಲು ಜೋರಾಗಿತ್ತು. ದಶಕದ ಕೊನೆಗೆ ಬಂದ ಹೋಲಿಕೆಯ ಪರೀಕ್ಷೆಗಳು, ಮಾಮೂಲಿ ಚಿಕಿತ್ಸೆಗಿಂತ ಅದರಿಂದ ಆಯುಸ್ಸು ಹೆಚ್ಚಲಿಲ್ಲವೆಂದು ತೋರಿಸಿದ ಮೇಲೆ ಅದು ನಿಂತಿತು.

ಈಗ ಅಡ್ಡ ಪರಿಣಾಮಗಳಿಗೆ ಬರೋಣ. ದೇಹದಲ್ಲಿ ಸದಾ ವಿಭಜನೆಯಾಗುತ್ತಿರುವ ಕೋಶಗಳಿರುವುದು ಅಸ್ಥಿಮಜ್ಜೆಯಲ್ಲಿ, ಕೂದಲಿನ ಬುಡದಲ್ಲಿ, ಬಾಯಿಯಿಂದ ಕರುಳಿನವರೆಗಿನ ಒಳಪೊರೆಯಲ್ಲಿ. ಆದ್ದರಿಂದಲೇ ರಕ್ತಕಣಗಳ ಇಳಿತ, ಕೂದಲು ಉದುರುವಿಕೆ, ಬಾಯಿಹುಣ್ಣು, ಭೇದಿ ಒಟ್ಟೊಟ್ಟಿಗೆ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವು ತಾತ್ಕಾಲಿಕ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ. ಆದರೆ ಬಿಳಿ ಕಣಗಳು ಇಳಿದಿರುವಾಗ ಬರುವ ಜ್ವರವನ್ನು ಹಗುರವಾಗಿ ಕಾಣುವಂತಿಲ್ಲ. ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ವಾಂತಿಯ ಕಾರಣ ಸ್ವಲ್ಪ ಬೇರೆ. ಔಷಧಿಯಿಂದ ಕರುಳಿನಲ್ಲಿ ಬಿಡುಗಡೆಯಾಗುವ ಸೆರೊಟೋನಿನ್ ಮಿದುಳಿನ ವಾಂತಿಕೇಂದ್ರವನ್ನು ಕೆರಳಿಸುತ್ತದೆ. ಅದನ್ನು ತಡೆಯುವ ಒಂಡಾನ್‌ಸೆಟ್ರಾನ್ 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಮೇಲೆ, ಹಳೆಯ ತಲೆಮಾರು ಕಂಡ ಆ ನಿಲ್ಲದ ವಾಂತಿ ಬಹುಮಟ್ಟಿಗೆ ಹತೋಟಿಗೆ ಬಂದಿದೆ. ಒಂದೊಂದು ಔಷಧಿಗೆ ತನ್ನದೇ ಆದ ಕಾಟವೂ ಇದೆ. ವಿನ್‌ಕ್ರಿಸ್ಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳುಗಳು ಜೋಮು ಹಿಡಿಯುತ್ತವೆ, ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡುತ್ತದೆ, ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ಕೊನೆಯದನ್ನು ಅದಕ್ಕಾಗಿಯೇ ಜೀವಮಾನದ ಒಟ್ಟು ಮೊತ್ತದ ಲೆಕ್ಕವಿಟ್ಟು ಕೊಡುತ್ತಾರೆ. ಸಂತಾನಶಕ್ತಿ ಕುಂದುವುದು, ವರ್ಷಗಳ ನಂತರ ಬೇರೊಂದು ರಕ್ತದ ಕ್ಯಾನ್ಸರ್ ಬರುವುದು ಕೆಲವು ಔಷಧಿಗಳಿಂದ ಆಗಬಹುದಾದ ದೂರದ ಹಾನಿ. ಮಕ್ಕಳಾಗಬೇಕಾದ ವಯಸ್ಸಿನವರು ವೀರ್ಯ, ಅಂಡಾಣುಗಳನ್ನು ಕಾದಿಡುವ ಬಗ್ಗೆ ಮೊದಲ ಡ್ರಿಪ್ ಏರುವ ಮುಂಚೆಯೇ ಕೇಳಬೇಕು. ಇನ್ನು, ತೊಂದರೆ ಹೆಚ್ಚಾದಷ್ಟೂ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿದೆ, ತೊಂದರೆಯೇ ಇಲ್ಲದಿದ್ದರೆ ಕೆಲಸ ಮಾಡುತ್ತಿಲ್ಲ ಎಂಬ ತರ್ಕ ಸಲ್ಲದು. ಬೇರು ಒಂದೇ ಆದರೂ ಒಬ್ಬೊಬ್ಬರ ಮಜ್ಜೆ, ಯಕೃತ್ತುಗಳ ಶಕ್ತಿ ಬೇರೆ ಬೇರೆ.

ಇಷ್ಟು ಬೆಲೆ ತೆತ್ತು ಪಡೆಯುವುದೇನು? ಕೀಮೋವನ್ನು ಮುಖ್ಯವಾಗಿ ನಾಲ್ಕು ಉದ್ದೇಶಗಳಿಗೆ ಬಳಸುತ್ತಾರೆ. ಮೊದಲನೆಯದು ಪೂರ್ಣ ಗುಣ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟ ವರದಿ ಪ್ರಕಟಿಸಿದರು. ಹತ್ತು ಮಕ್ಕಳು ಚೇತರಿಸಿಕೊಂಡರು, ಕೆಲವೇ ತಿಂಗಳ ಮಟ್ಟಿಗೆ. ಆ ಔಷಧಿ ತಯಾರಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್ ಅವರ ನೇತೃತ್ವದ ಪ್ರಯೋಗಾಲಯದಲ್ಲಿ. ಅಂದು ತಿಂಗಳುಗಳಲ್ಲಿ ಎಣಿಸುತ್ತಿದ್ದ ಆಯುಸ್ಸು, ಔಷಧಿಗಳನ್ನು ಕೂಡಿಸಿ ಎರಡು ಮೂರು ವರ್ಷ ಕೊಡುವ ಕ್ರಮ ರೂಢಿಗೆ ಬಂದ ಮೇಲೆ, ಒಳ್ಳೆಯ ಸೌಕರ್ಯವಿರುವ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುವಷ್ಟಕ್ಕೆ ಬಂದಿದೆ. ದೇಹದೆಲ್ಲೆಡೆ ಹರಡಿದ ವೃಷಣದ ಕ್ಯಾನ್ಸರಿನಲ್ಲಿಯೂ ಸಿಸ್‌ಪ್ಲಾಟಿನ್ ಬಂದ ಮೇಲೆ ನೂರಕ್ಕೆ ಎಂಬತ್ತರಷ್ಟು ಮಂದಿ ಗುಣವಾಗುತ್ತಾರೆ. ಎರಡನೆಯ ಉದ್ದೇಶ, ಶಸ್ತ್ರಕ್ರಿಯೆಯ ನಂತರ ಕಣ್ಣಿಗೆ ಕಾಣದೆ ಉಳಿದ ಕೋಶಗಳನ್ನು ಅಳಿಸುವುದು. ಇಟಲಿಯ ಮಿಲಾನಿನಲ್ಲಿ ಜಿಯಾನಿ ಬೊನಾಡೊನ್ನಾ, ಕಂಕುಳ ಗಂಟುಗಳಿಗೆ ಹರಡಿದ್ದ ಸ್ತನ ಕ್ಯಾನ್ಸರಿನ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. 1976ರ ಮೊದಲ ವರದಿಯಲ್ಲಿ, ಕೀಮೋ ಪಡೆಯದವರಲ್ಲಿ ನೂರಕ್ಕೆ 24 ಮಂದಿಗೆ ರೋಗ ಮರುಕಳಿಸಿದ್ದರೆ, ಪಡೆದವರಲ್ಲಿ ಸುಮಾರು 5 ಮಂದಿಗೆ. ಇಪ್ಪತ್ತು ವರ್ಷಗಳ ನಂತರ ನೋಡಿದಾಗಲೂ ಲಾಭ ಉಳಿದಿತ್ತು. ಮೂರನೆಯದು ಜೊತೆಗಾರನ ಕೆಲಸ. ಗರ್ಭಕಂಠದ ಕ್ಯಾನ್ಸರಿನಲ್ಲಿ, ತಂಬಾಕಿನಿಂದ ನಮ್ಮಲ್ಲಿ ಇಷ್ಟೊಂದು ಕಾಣುವ ಬಾಯಿ-ಗಂಟಲಿನ ಕ್ಯಾನ್ಸರಿನಲ್ಲಿ, ಜನ ಕರೆಂಟ್ ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆಯ ಬಲವನ್ನು ಸಿಸ್‌ಪ್ಲಾಟಿನ್ ಹೆಚ್ಚಿಸುತ್ತದೆ. ದೊಡ್ಡ ಗಡ್ಡೆಯನ್ನು ಶಸ್ತ್ರಕ್ರಿಯೆಗೆ ಮೊದಲು ಕುಗ್ಗಿಸುವುದೂ ಇದೇ ಸಾಲಿನದು. ನಾಲ್ಕನೆಯದು, ಗುಣವಾಗದ ಕಾಯಿಲೆಯಲ್ಲಿ ನೋವು, ಉಬ್ಬಸಗಳನ್ನು ತಗ್ಗಿಸಿ ಒಂದಿಷ್ಟು ಕಾಲ ಒದಗಿಸುವುದು. ಈ ನಾಲ್ಕಕ್ಕೂ ಒಂದೇ ತಕ್ಕಡಿ ಸಾಲದು. ಗುಣವಾಗುವ ಮಗುವಿಗೆ ಆರು ತಿಂಗಳ ತೀವ್ರ ಕಷ್ಟ ಸಹ್ಯ. ಕೆಲವೇ ತಿಂಗಳು ಉಳಿದವರಿಗೆ ಅದೇ ಕಷ್ಟ ಸಹ್ಯವಾಗಬೇಕೆಂದಿಲ್ಲ.

ಇನ್ನು ಆಕ್ಷೇಪಗಳು. ಕೀಮೋದಿಂದ ಬದುಕುವವರು ನೂರಕ್ಕೆ ಇಬ್ಬರು ಮಾತ್ರ ಎಂಬ ಲೆಕ್ಕ ಬಹಳ ಕಡೆ ಓಡಾಡುತ್ತಿದೆ. ಇದಕ್ಕೆ ಮೂಲ 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಪ್ರಕಟಿಸಿದ ಒಂದು ಲೇಖನ. ವಯಸ್ಕರ 22 ಬಗೆಯ ಕ್ಯಾನ್ಸರ್‌ಗಳನ್ನು ಒಟ್ಟಿಗೆ ಹಾಕಿ, ಐದು ವರ್ಷ ಬದುಕುವುದರಲ್ಲಿ ಕೀಮೋದ ಪಾಲು ನೂರಕ್ಕೆ ಸುಮಾರು ಎರಡು ಎಂದು ಅದು ಲೆಕ್ಕ ಹಾಕಿತ್ತು. ಆ ಲೆಕ್ಕ ಹೇಗೆ ಬಂತೆಂದು ನೋಡಬೇಕು. ಶಸ್ತ್ರಕ್ರಿಯೆಯೊಂದರಿಂದಲೇ ಗುಣವಾಗಿ ಕೀಮೋ ಬೇಕಾಗದವರನ್ನೂ ಅದು ಭಾಜಕದಲ್ಲಿ ಸೇರಿಸಿತ್ತು. ಕೀಮೋ ಅತಿ ಹೆಚ್ಚು ಫಲ ಕೊಡುವ ರಕ್ತದ ಕ್ಯಾನ್ಸರ್‌ಗಳನ್ನೂ ಮಕ್ಕಳ ಕ್ಯಾನ್ಸರ್‌ಗಳನ್ನೂ ಕೈಬಿಟ್ಟಿತ್ತು. ಹಾಗಿದ್ದೂ ಅದೇ ಲೇಖನದಲ್ಲಿ ವೃಷಣದ ಕ್ಯಾನ್ಸರಿಗೂ ಲಿಂಫೋಮಾದ ಒಂದು ಬಗೆಯಾದ ಹಾಡ್‌ಕಿನ್ ಕಾಯಿಲೆಗೂ ಕೀಮೋದ ಲಾಭ ನೂರಕ್ಕೆ ಎರಡರ ಎಷ್ಟೋ ಪಟ್ಟು ಇದೆ. ಸರಾಸರಿಯೊಂದನ್ನು ಹಿಡಿದು ಒಬ್ಬ ರೋಗಿಯ ಹಣೆಬರಹ ಹೇಳಲಾಗದು. ಎರಡನೆಯ ಆಕ್ಷೇಪ, ಇವೆಲ್ಲ ರಾಸಾಯನಿಕ, ನಿಸರ್ಗದ ಮದ್ದು ಮೇಲು ಎಂಬುದು. ನಿತ್ಯಪುಷ್ಪ, ಯೂ ಮರ, ದುರ್ವಾಸನೆ ಮರಗಳ ಮಾತು ಆಗಲೇ ಬಂದಿದೆ. ನಿಸರ್ಗದಿಂದ ಬಂದದ್ದೂ ವಿಷವಾಗಬಲ್ಲದು, ಅಳತೆ ಗೊತ್ತಾದಾಗ ಮಾತ್ರ ಮದ್ದಾಗುತ್ತದೆ. ಗುಣವಾಗಬಲ್ಲ ಹಂತದ ಕ್ಯಾನ್ಸರಿನಲ್ಲಿ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ರೋಗಿಗಳ ದಾಖಲೆಗಳನ್ನು ಯೇಲ್ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆ ಪಡೆದ ಅಂಥದೇ ರೋಗಿಗಳಿಗಿಂತ ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು.

ಮೂರನೆಯ ಆಕ್ಷೇಪ ನಿಜಕ್ಕೂ ಬಲವಾದದ್ದು: ಬೇಕಾಗದ ಕಡೆಯೂ, ಫಲವಿಲ್ಲದ ಹಂತದಲ್ಲಿಯೂ ಕೀಮೋ ಕೊಡುತ್ತಾರೆ ಎಂಬುದು. ಇದನ್ನು ಒಪ್ಪಲೇಬೇಕು, ಒಪ್ಪಲು ಪುರಾವೆಯೂ ಇದೆ. ಅಮೆರಿಕದಲ್ಲಿ ಹರಡಿದ ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದವರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶ್ವಾಸಕೋಶದವರಲ್ಲಿ ನೂರಕ್ಕೆ 69, ಕರುಳಿನವರಲ್ಲಿ 81 ಮಂದಿಗೆ ಆ ಚಿಕಿತ್ಸೆಯಿಂದ ಗುಣವಾಗುವ ಸಂಭವ ಕಡಿಮೆ ಎಂಬುದೇ ಮನವರಿಕೆಯಾಗಿರಲಿಲ್ಲ. 2015ರ ಇನ್ನೊಂದು ಅಧ್ಯಯನದಲ್ಲಿ, ಸಾವಿಗೆ ಹತ್ತಿರವಿದ್ದೂ ಓಡಾಡಿಕೊಂಡಿದ್ದ ರೋಗಿಗಳ ಕೊನೆಯ ವಾರ ಕೀಮೋದಿಂದ ಇನ್ನಷ್ಟು ಕೆಟ್ಟದ್ದು ಕಂಡುಬಂತು. ಅದಕ್ಕೂ ಮುಂಚೆ, 2010ರಲ್ಲಿ, ಬಾಸ್ಟನ್ನಿನ ಒಂದು ಪರೀಕ್ಷೆಯಲ್ಲಿ ಮೊದಲಿನಿಂದಲೇ ಉಪಶಮನ ಆರೈಕೆಯನ್ನೂ ಪಡೆದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು, ಕೊನೆಗಾಲದಲ್ಲಿ ಕಡಿಮೆ ಚಿಕಿತ್ಸೆ ಪಡೆದೂ ಉಳಿದವರಿಗಿಂತ ಸರಾಸರಿ ಎರಡೂವರೆ ತಿಂಗಳಿಗೂ ಹೆಚ್ಚು ಬದುಕಿದರು. ಆರಂಭದ ಹಂತದಲ್ಲಿಯೂ ಕೈಬಿಡಬಹುದಾದ ಕೀಮೋ ಇದೆ. ಹಾರ್ಮೋನಿಗೆ ಸ್ಪಂದಿಸುವ, ಗಂಟುಗಳಿಗೆ ಹರಡದ ಸ್ತನ ಕ್ಯಾನ್ಸರಿನಲ್ಲಿ ಗಡ್ಡೆಯ 21 ವಂಶವಾಹಿಗಳ ಪರೀಕ್ಷೆಯನ್ನು ನೆಚ್ಚಿಕೊಂಡು ಬಹುಪಾಲು ಮಹಿಳೆಯರು ಕೀಮೋ ಬಿಡಬಹುದೆಂದು 2018ರ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಈ ಸಾಕ್ಷ್ಯಗಳೆಲ್ಲ ಉದ್ದೇಶ ತಿಳಿಯದೆ ಕೊಟ್ಟ ಔಷಧಿಯ ವಿರುದ್ಧ ನಿಲ್ಲುತ್ತವೆ, ಔಷಧಿಯ ವಿರುದ್ಧವಲ್ಲ. ಗುರಿಯಿಟ್ಟು ಹೊಡೆಯುವ ಹೊಸ ಮಾತ್ರೆಗಳು, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಂಜೆಕ್ಷನ್‌ಗಳು ಬಂದಿರುವಾಗ ಹಳೆಯ ಕೀಮೋ ಏಕೆಂದು ಕೇಳುವವರಿದ್ದಾರೆ. ದೀರ್ಘಕಾಲದ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 2001ರಲ್ಲಿ ಬಂದ ಇಮಾಟಿನಿಬ್ ನಿಜವಾಗಿಯೂ ಕೀಮೋದ ಜಾಗ ಹಿಡಿಯಿತು. ಆದರೆ ಸ್ತನ, ಶ್ವಾಸಕೋಶ ಮುಂತಾದ ಅನೇಕ ಕ್ಯಾನ್ಸರ್‌ಗಳಲ್ಲಿ ಹೊಸ ಔಷಧಿಗಳನ್ನು ಇಂದಿಗೂ ಹಳೆಯ ಕೀಮೋದ ಜೊತೆ ಸೇರಿಸಿಯೇ ಕೊಡುತ್ತಾರೆ.

ಹಳೆಯ ಕೀಮೋ ಇನ್ನೂ ಬೇಕೆಂಬುದು ನಮ್ಮ ಪರಿಸ್ಥಿತಿಗೆ ಮುಖ್ಯ. ಸಿಸ್‌ಪ್ಲಾಟಿನ್, ಸೈಕ್ಲೋಫಾಸ್ಫಮೈಡ್, ವಿನ್‌ಕ್ರಿಸ್ಟಿನ್ ಮುಂತಾದ ಹಳೆಯ ಔಷಧಿಗಳು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಹೊಸ ಔಷಧಿಗಳಿಗೆ ಹೋಲಿಸಿದರೆ ಅಗ್ಗ, ಭಾರತದಲ್ಲಿಯೇ ತಯಾರಾಗುತ್ತವೆ. 2019ರಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಿಗಳ ಮೇಲಿನ ವ್ಯಾಪಾರದ ಲಾಭಕ್ಕೆ ನೂರಕ್ಕೆ 30ರ ಮಿತಿ ಹಾಕಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ಚಿಕಿತ್ಸೆ ನೀಡುತ್ತ ಬಂದಿದೆ. ಔಷಧಿ ಇದ್ದೂ ಹೆದರಿಕೆಯಿಂದ ತಡಮಾಡಿ ಬರುವುದು, ಎರಡು ಸೈಕಲ್ ಆದ ಮೇಲೆ ಬಿಟ್ಟುಹೋಗುವುದು, ಇವು ನಾವೇ ಸರಿಪಡಿಸಿಕೊಳ್ಳಬಹುದಾದ ನಷ್ಟಗಳು. ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ವೈದ್ಯರು ಕೀಮೋ ಸೂಚಿಸಿದಾಗ ಸಂಕೋಚಪಡದೆ ನಾಲ್ಕು ಪ್ರಶ್ನೆ ಕೇಳಿ: ಇದರ ಉದ್ದೇಶ ಗುಣಪಡಿಸುವುದೋ, ಮರುಕಳಿಕೆ ತಡೆಯುವುದೋ, ನೋವು ತಗ್ಗಿಸುವುದೋ? ಇದನ್ನು ತೆಗೆದುಕೊಂಡರೆ ಎಷ್ಟು ಲಾಭ, ಬಿಟ್ಟರೆ ಎಷ್ಟು ನಷ್ಟ? ಈ ಔಷಧಿಗಳ ಯಾವ ತೊಂದರೆ ತಾತ್ಕಾಲಿಕ, ಯಾವುದು ಉಳಿಯುವಂಥದು? ಫಲ ಕೊಡುತ್ತಿದೆಯೇ ಎಂದು ಯಾವಾಗ ನೋಡುತ್ತೀರಿ, ಯಾವಾಗ ನಿಲ್ಲಿಸುತ್ತೀರಿ? ಜೊತೆಗೆ ಬೇರೆ ಕಷಾಯ, ಚೂರ್ಣ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ, ಏಕೆಂದರೆ ಅವುಗಳಲ್ಲಿ ಕೆಲವು ಕೀಮೋದ ಪ್ರಮಾಣವನ್ನು ಏರುಪೇರು ಮಾಡಬಲ್ಲವು. ಉತ್ತರ ಪಡೆದು ಒಪ್ಪಿದ ಮೇಲೆ ಸೈಕಲ್ ತಪ್ಪಿಸಬೇಡಿ, ಜ್ವರ ಬಂದರೆ ಕಾಯಬೇಡಿ.